ಬೆಳಿಗ್ಗೆ ಆಪರೇಷನ್, ಸಂಜೆಗೆ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಆಪರೇಷನ್ ಮಾಡಿ ಸಂಜೆಗೆ ಮನೆಗೆ ಕಳಿಸ್ತಾರಂತೆ ಅಂದ ಕೂಡಲೇ ನಮ್ಮ ಕಡೆ ಬರೋ ಮೊದಲ ಮಾತು, "ಹಂಗಾರ ಸಣ್ಣದು ಬಿಡ್ರಿ." ರಾಯಚೂರಿನಲ್ಲಿ ಕೇಳಿದರೂ ಇದೇ, ಬಳ್ಳಾರಿ, ಕೊಪ್ಪಳದಲ್ಲಿ ಕೇಳಿದರೂ ಇದೇ. ನಾನು ನರ್ಸ್. ಆಪರೇಷನ್ ಮುಗಿಸಿ ಹೊರಗೆ ತಂದವರನ್ನು ಮಲಗಿಸಿಕೊಂಡು, ಅವರು ಪೂರ್ತಿ ಎಚ್ಚರವಾಗುವವರೆಗೂ ಪಕ್ಕದಲ್ಲಿ ನಿಲ್ಲೋದು ನನ್ನ ಕೆಲಸ. ಈ "ಸಣ್ಣದು" ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಆತಂಕವಾಗುತ್ತದೆ. ಯಾಕಂದರೆ ಮೊದಲು ಎರಡು ಮೂರು ರಾತ್ರಿ ವಾರ್ಡಿನಲ್ಲಿ ನಾವು ಮಾಡುತ್ತಿದ್ದ ಕೆಲಸ, ಅಂದರೆ ಪಟ್ಟಿ ಒದ್ದೆಯಾಯಿತಾ ನೋಡೋದು, ಮೂತ್ರ ಹೋಯಿತಾ ಕೇಳೋದು, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡೋದು, ಎದ್ದು ನಿಲ್ಲುವಾಗ ಕೈ ಹಿಡಿಯೋದು, ಇದೆಲ್ಲ ಈಗ ನಿಮ್ಮ ಮನೆಯವರ ಪಾಲಿಗೆ ಬಂದಿದೆ. ಅದನ್ನು ಅವರಿಗೆ ಯಾರಾದರೂ ಹೇಳಬೇಕಲ್ವಾ? ಅದಕ್ಕೇ ಇವತ್ತು ಈ ಮಾತು.

ಇದು ಹೊಸ ಪದ್ಧತಿಯೇನೂ ಅಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನಲ್ಲಿ ಜೇಮ್ಸ್ ನಿಕೋಲ್ ಅಂತ ಒಬ್ಬ ಸರ್ಜನ್ ಇದ್ದರು. ಹತ್ತು ವರ್ಷದಲ್ಲಿ ಸುಮಾರು 9,000 ಮಕ್ಕಳಿಗೆ ಆಪರೇಷನ್ ಮಾಡಿ ಅವತ್ತೇ ಮನೆಗೆ ಕಳಿಸಿದ್ದೇವೆ ಅಂತ ಅವರು 1909ರಲ್ಲೇ ಬರೆದಿದ್ದಾರೆ. ಆದರೆ ಅಲ್ಲಿ ನರ್ಸುಗಳು ಆ ಮಕ್ಕಳ ಮನೆಗೆ ಹೋಗಿ ನೋಡಿಕೊಂಡು ಬರುತ್ತಿದ್ದರು. ನಮ್ಮಲ್ಲಿ ಸಿಂಧನೂರಿನ ಕ್ಯಾಂಪಿಗೋ ದೇವದುರ್ಗದ ತಾಂಡಾಕ್ಕೋ ರಾತ್ರಿ ಯಾವ ನರ್ಸೂ ಬರುವುದಿಲ್ಲ. ನಿಮ್ಮ ಜೊತೆ ಇರುವವರೇ ನರ್ಸು.

ಯಾವ ಆಪರೇಷನ್‌ಗಳು ಹೀಗೆ ಆಗುತ್ತವೆ ಅಂದರೆ, ಕಣ್ಣಿನ ಪೊರೆ, ಕೊಬ್ಬಿನ ಗಡ್ಡೆ, ಹರ್ನಿಯಾ, ಹೈಡ್ರೋಸಿಲ್, ಮೂಲವ್ಯಾಧಿ, ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಲ್ಯಾಪರೊಸ್ಕೋಪಿಯಲ್ಲಿ ಮಾಡುವ ಕೆಲವು, ಹೀಗೆ ಪಟ್ಟಿ ದೊಡ್ಡದಿದೆ. ಎಲ್ಲರನ್ನೂ ಅವತ್ತೇ ಕಳಿಸುತ್ತಾರೆ ಅಂತಲೂ ಅಲ್ಲ. ವಯಸ್ಸು, ಶುಗರ್, ಹೃದಯದ ತೊಂದರೆ, ಮನೆ ಎಷ್ಟು ದೂರ, ಇದೆಲ್ಲ ನೋಡಿಯೇ ಡಾಕ್ಟರು ತೀರ್ಮಾನ ಮಾಡುತ್ತಾರೆ. ರಾತ್ರಿ ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ ಅಂದರೆ ಅದನ್ನು ಬಾಯಿಬಿಟ್ಟು ಹೇಳಿ. ಹೇಳೋದಕ್ಕೆ ಸಂಕೋಚ ಬೇಡ.

ಖರ್ಚಿನ ಮಾತು ಮೊದಲೇ ಮುಗಿಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಎಷ್ಟೋ ಆಪರೇಷನ್‌ಗಳನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಬೇಕು, ಇಲ್ಲವೇ ಅಲ್ಲಿಂದ ರೆಫರಲ್ ಚೀಟಿ ತರಬೇಕು. ರೇಷನ್ ಕಾರ್ಡು, ಆಧಾರ್ ಹಿಡಿದುಕೊಂಡು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಮುಂಚೆಯೇ ಕಾಣಿ. ಆಪರೇಷನ್ ದಿನ ಬೆಳಿಗ್ಗೆ ಕೌಂಟರ್ ಮುಂದೆ ನಿಂತು ಪರದಾಡುವಂತಾಗಬಾರದು.

ಈಗ ಉಪವಾಸದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಜೀವಕ್ಕೆ ಅಪಾಯ ಬರೋದು ಇಲ್ಲೇ. ಆಪರೇಷನ್‌ಗೆ ಮತ್ತಿನ ಔಷಧ ಕೊಟ್ಟಾಗ ಗಂಟಲಿನ ಕಾವಲು ಸಡಿಲವಾಗುತ್ತದೆ. ಎಚ್ಚರವಿದ್ದಾಗ ಒಂದು ಅಗುಳು ಅಡ್ಡದಾರಿ ಹಿಡಿದರೂ ಕೆಮ್ಮಿ ಹೊರಗೆ ಹಾಕುತ್ತೇವೆ. ಮತ್ತಿನಲ್ಲಿ ಆ ಕೆಮ್ಮು ಬರುವುದಿಲ್ಲ. ಹೊಟ್ಟೆಯಲ್ಲಿ ಇದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಉಸಿರೇ ಕಷ್ಟವಾಗುತ್ತದೆ. ಅದಕ್ಕೆ ಊಟ ಮಾಡಿ ಕಡಿಮೆ ಅಂದರೂ 6 ಗಂಟೆ ಆಗಿರಬೇಕು. ಎಣ್ಣೆಯದ್ದು, ಮಾಂಸದ್ದು ತಿಂದಿದ್ದರೆ 8 ಗಂಟೆ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಊಟದ ಲೆಕ್ಕಕ್ಕೆ ಬರುತ್ತದೆ. ಮಜ್ಜಿಗೆ, ಅಂಬಲಿಯೂ ಅಷ್ಟೇ.

ನಾನು ಎಷ್ಟೋ ಸಲ ನೋಡಿದ್ದೇನೆ. ಅತ್ತೆಯೋ ತಾಯಿಯೋ ಕಾರಿಡಾರಿನ ತುದಿಯಲ್ಲಿ ಸೆರಗು ಅಡ್ಡ ಹಿಡಿದು ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ, ಅದರಲ್ಲಿ ಅದ್ದಿದ ಎರಡು ಬಿಸ್ಕತ್ತು ಕೊಡುತ್ತಿರುತ್ತಾರೆ. "ಮುಂಜಾನಿಂದ ಹಸಕೊಂಡೈತಿ ಕೂಸು, ಒಂದೀಟು ಚಾ ಕುಡಿದ್ರ ಏನಾಕೈತಿ ಸಿಸ್ಟರ್?" ಅದು ಪ್ರೀತಿಯೇ. ಆದರೆ ಆಮೇಲೆ ನಾವು "ಏನಾದರೂ ತಿಂದಿದ್ದೀರಾ" ಅಂತ ಕೇಳಿದಾಗ ಇಬ್ಬರೂ ಇಲ್ಲ ಅನ್ನುತ್ತಾರಲ್ಲ, ಅದು ಅಪಾಯ. ತಿಂದಿದ್ದರೆ ತಿಂದೆ ಅಂತ ಹೇಳಿಬಿಡಿ. ಹೆಚ್ಚೆಂದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಬಯ್ದರೆ ನಾವು ಬಯ್ಯುತ್ತೇವೆ, ಅಷ್ಟೇ.

ಇನ್ನೊಂದು ಕಡೆಯನ್ನೂ ಹೇಳಬೇಕು. "ರಾತ್ರಿ 12ರ ಮೇಲೆ ಏನೂ ಬೇಡ" ಅಂತ ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸಿದರೆ, ಮಧ್ಯಾಹ್ನ ಆಪರೇಷನ್ ಇರುವವರು ನಮ್ಮ ರಾಯಚೂರು, ಬಳ್ಳಾರಿಯ ಬಿಸಿಲಲ್ಲಿ, ಅದೂ ಏಪ್ರಿಲ್ ಮೇ ತಿಂಗಳಲ್ಲಿ, ನೀರೂ ಇಲ್ಲದೆ ಒಣಗಿ ಹೋಗುತ್ತಾರೆ. ಬರಿ ನೀರನ್ನು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಹಾಗಾಗಿ ಮತ್ತು ಕೊಡುವ ಡಾಕ್ಟರನ್ನು, ಅನಸ್ತೇಷಿಯಾ ಡಾಕ್ಟರು ಅಂತೀವಲ್ಲ ಅವರನ್ನು, ನೇರವಾಗಿ ಕೇಳಿ. ನನ್ನ ಆಪರೇಷನ್ ಎಷ್ಟೊತ್ತಿಗೆ, ಊಟ ಯಾವಾಗ ನಿಲ್ಲಿಸಲಿ, ನೀರು ಯಾವಾಗ ನಿಲ್ಲಿಸಲಿ ಅಂತ. ಅವರು ಹೇಳಿದ್ದೇ ಕೊನೆ. ಶುಗರ್ ಇರುವವರು, ಸಣ್ಣ ಮಕ್ಕಳು ಇದ್ದರೆ ಬೆಳಗಿನ ಮೊದಲ ಪಾಳಿ ಕೇಳಿಕೊಳ್ಳಿ.

ಗುಳಿಗೆಗಳು. ನೀವು ದಿನಾ ನುಂಗುವ ಎಲ್ಲವನ್ನೂ, ಗುಳಿಗೆ ತೆಗೆದ ಖಾಲಿ ಸ್ಟ್ರಿಪ್ಪುಗಳ ಸಮೇತ, ಒಂದು ಚೀಲದಲ್ಲಿ ಹಾಕಿಕೊಂಡು ತನ್ನಿ. "ಒಂದು ಕೆಂಪು, ಒಂದು ಬಿಳಿ" ಅಂದರೆ ನಮಗೆ ಗೊತ್ತಾಗುವುದಿಲ್ಲ. ಬಿಪಿ ಗುಳಿಗೆಗಳನ್ನು ಸಾಮಾನ್ಯವಾಗಿ ಅವತ್ತು ಬೆಳಿಗ್ಗೆಯೂ ಒಂದು ಗುಟುಕು ನೀರಲ್ಲಿ ನುಂಗಲು ಹೇಳುತ್ತಾರೆ, ಆದರೆ ಕೆಲವನ್ನು ಬಿಡಬೇಕಾಗುತ್ತದೆ. ಶುಗರ್ ಗುಳಿಗೆ ಮತ್ತು ಇನ್ಸುಲಿನ್‌ಗೆ ಬೇರೆ ಲೆಕ್ಕ, ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಸಕ್ಕರೆ ಪೂರ್ತಿ ಇಳಿದುಬಿಡಬಹುದು. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ನೀವಾಗೇ ನಿಲ್ಲಿಸಬೇಡಿ, ನೀವಾಗೇ ಮುಂದುವರಿಸಲೂ ಬೇಡಿ, ಕೇಳಿ. ನಾಟಿ ಔಷಧ, ಪುಡಿ, ಕಷಾಯ ಏನೇ ತಗೊಳ್ಳುತ್ತಿದ್ದರೂ ಹೇಳಿ. ಬೀಡಿ, ಸಿಗರೇಟು ಎಷ್ಟು ವಾರ ಮೊದಲು ಬಿಟ್ಟರೆ ಅಷ್ಟು ಒಳ್ಳೇದು, ಗಾಯ ಬೇಗ ಮಾಯುತ್ತದೆ. ಅವತ್ತು ಬೆಳಿಗ್ಗೆಯಂತೂ ಗುಟ್ಕಾ, ಎಲೆಅಡಿಕೆ ಬಾಯಿಗೆ ಮುಟ್ಟಿಸಲೇಬೇಡಿ.

ಹಿಂದಿನ ದಿನ ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ. ಕೂದಲು ಮಾತ್ರ ಮನೆಯಲ್ಲಿ ಬ್ಲೇಡ್ ಹಿಡಿದು ಬೋಳಿಸಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗಿ ಅದರಿಂದಲೇ ಸೋಂಕು ಒಳಗೆ ಹೋಗುತ್ತದೆ, ಬೇಕಿದ್ದರೆ ಆಸ್ಪತ್ರೆಯಲ್ಲೇ ಕತ್ತರಿಸುತ್ತಾರೆ. ಬಳೆ, ಮೂಗುತಿ, ಕಾಲುಂಗುರ ಮನೆಯಲ್ಲೇ ತೆಗೆದಿಟ್ಟು ಬನ್ನಿ. ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿದ್ದರೆ ಹಿಂದಿನ ದಿನವೇ ಎಣ್ಣೆ ಹಚ್ಚಿ ಬಿಡಿಸಿ. ತಾಳಿ ತೆಗೆಯಲು ಮನಸ್ಸು ಒಪ್ಪುವುದಿಲ್ಲ ಅಂತ ಗೊತ್ತು, ನಮಗೆ ಹೇಳಿ, ಏನು ಮಾಡಬಹುದು ಅಂತ ಕೂತು ಮಾತಾಡೋಣ. ಉಗುರುಬಣ್ಣ, ಬೆರಳ ತುದಿಯ ದಟ್ಟ ಮೆಹಂದಿ ಬೇಡ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ತೋರಿಸುವ ಕ್ಲಿಪ್ಪು ಬೆರಳಿಗೇ ಹಾಕೋದು, ಲೆಕ್ಕ ತಪ್ಪಬಹುದು. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೆ ಮುಚ್ಚಿಡಬೇಡಿ.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಎಡಗಡೆಯೋ ಬಲಗಡೆಯೋ, ಬೆನ್ನಿಗೆ ಇಂಜೆಕ್ಷನ್ನೋ ಪೂರ್ತಿ ಮತ್ತೋ, ಕೇಳಿ. ತೆಲುಗು, ಉರ್ದು ಮನೆಮಾತಿನವರಿದ್ದರೆ ಅದರಲ್ಲೂ ಹೇಳುವವರು ನಮ್ಮ ಆಸ್ಪತ್ರೆಗಳಲ್ಲಿ ಸಿಗುತ್ತಾರೆ.

ಮನೆಗೆ ಹೋಗೋದು ಹೇಗೆ ಅಂತ ಮೊದಲೇ ಯೋಚನೆ ಮಾಡಿ. ಆಪರೇಷನ್ ಆದವರನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡುವುದನ್ನು ಗೇಟಿನ ಹತ್ತಿರ ನಾನೇ ತಡೆದಿದ್ದೇನೆ. ಇನ್ನೂ ಮತ್ತಿನಲ್ಲೇ ಇರುವ ಮನುಷ್ಯ ತೂಗಿ ಬಿದ್ದರೆ ಯಾರು ಹಿಡಿಯಬೇಕು? ಸಿರುಗುಪ್ಪದ ಕಡೆಯವರು ಬಳ್ಳಾರಿಯಲ್ಲಿ, ಲಿಂಗಸುಗೂರಿನ ಕಡೆಯವರು ರಾಯಚೂರಿನಲ್ಲಿ, ಕುಷ್ಟಗಿಯವರು ಕೊಪ್ಪಳದಲ್ಲಿ ಆಪರೇಷನ್ ಮಾಡಿಸಿದರೆ, ಸಾಧ್ಯವಾದರೆ ಆ ಒಂದು ರಾತ್ರಿ ಊರಲ್ಲಿರುವ ನೆಂಟರ ಮನೆಯಲ್ಲೇ ಉಳಿಯಿರಿ. ಏನಾದರೂ ಆದರೆ ಆಸ್ಪತ್ರೆ ಹತ್ತಿರ ಇರುತ್ತದೆ. ಮತ್ತಿನ ಔಷಧ ಕೊಟ್ಟಿದ್ದರೆ 24 ಗಂಟೆ ಗಾಡಿ ಓಡಿಸಬೇಡಿ, ಟ್ರ್ಯಾಕ್ಟರ್ ಹತ್ತಬೇಡಿ, ಕುಡಿಯಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಎಚ್ಚರ ಇದೆ ಅನ್ನಿಸುತ್ತದೆ, ಬುದ್ಧಿ ಪೂರ್ತಿ ತಿಳಿಯಾಗಿರುವುದಿಲ್ಲ.

ಇನ್ನು ಆ ಮೊದಲ ರಾತ್ರಿ. ಬೇಸಿಗೆಯಲ್ಲಿ ನಮ್ಮವರು ಮಾಳಿಗೆ ಮೇಲೆ ಮಲಗುವವರು, ಅವತ್ತು ಬೇಡ. ಕೆಳಗೇ, ಫ್ಯಾನಿನ ಹತ್ತಿರ ಮಲಗಿಸಿ. ನೆಲದ ಮೇಲೆ ಚಾಪೆ ಹಾಸಬೇಡಿ, ಹೊಟ್ಟೆಯ ಅಥವಾ ತೊಡೆಸಂದಿಯ ಆಪರೇಷನ್ ಆದವರಿಗೆ ನೆಲದಿಂದ ಏಳೋದು ಬಹಳ ಕಷ್ಟ. ಪಕ್ಕದ ಮನೆಯಿಂದಾದರೂ ಒಂದು ಹೊರಸು ಕೇಳಿ ತನ್ನಿ. ಏಳುವಾಗ ಹೀಗೆ ಮಾಡಿ: ಮೊದಲು ಒಂದು ಮಗ್ಗುಲಿಗೆ ಹೊರಳಿ, ಕಾಲು ಎರಡೂ ಹೊರಸಿನಿಂದ ಕೆಳಗೆ ಬಿಡಿ, ಮೊಣಕೈ ಊರಿ ಮೇಲೆ ಎದ್ದು ಕೂತುಕೊಳ್ಳಿ. ಹಾಗೇ ಒಂದೆರಡು ನಿಮಿಷ ಕೂತಿರಿ. ತಲೆ ಸುತ್ತಲಿಲ್ಲ ಅಂದರೆ ಮಾತ್ರ ನಿಲ್ಲಿ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಿ. ಸಂಡಾಸ ಹಿತ್ತಲಲ್ಲಿದ್ದರೆ ಒಬ್ಬರೇ ಹೋಗಬಾರದು, ಒಳಗೆ ಚಿಲಕ ಹಾಕಿಕೊಳ್ಳಬಾರದು.

ನೋವಿನ ಗುಳಿಗೆಯನ್ನು ನೋವು ತಡೆಯಲಾಗದಷ್ಟು ಆದಮೇಲೆ ನುಂಗೋಣ ಅಂತ ಕಾಯುವವರು ಜಾಸ್ತಿ. ಮರಗಟ್ಟಿಸಿದ ಔಷಧ ಇಳಿದಾಗ ನೋವು ಒಮ್ಮೆಲೇ ಏರುತ್ತದೆ. ಅದಕ್ಕೆ ಮೊದಲೇ, ಚೀಟಿಯಲ್ಲಿ ಬರೆದ ಹೊತ್ತಿಗೆ ತಗೊಳ್ಳಿ. ಜೊತೆಗೆ ಅಂಗಡಿಯಿಂದ ಬೇರೆ ಜ್ವರದ ಗುಳಿಗೆ ತಂದು ನುಂಗಬೇಡಿ, ಎರಡರಲ್ಲೂ ಒಂದೇ ಪ್ಯಾರಸಿಟಮಾಲ್ ಇದ್ದರೆ ಅದು ಲಿವರಿಗೆ ಏಟು. ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಯ ಆಪರೇಷನ್ ಆದವರಿಗೆ ಭುಜ ನೋಯಬಹುದು. ಹೊಟ್ಟೆಗೆ ತುಂಬಿದ ಗ್ಯಾಸು ಪೂರ್ತಿ ಹೋಗುವವರೆಗೆ ಹಾಗಾಗುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಎದೆನೋವು, ಉಸಿರಿಗೆ ಕಷ್ಟ ಇದ್ದರೆ ಅದು ಬೇರೆ, ತಡಮಾಡದೆ 108ಕ್ಕೆ ಫೋನ್ ಮಾಡಿ.

ಇಲ್ಲಿ ಹೆಣ್ಣುಮಕ್ಕಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗಂಡಸಿಗೆ ಹರ್ನಿಯಾ ಆಪರೇಷನ್ ಆದರೆ ತಿಂಗಳು ಭಾರ ಎತ್ತಬೇಡ ಅಂತ ಮನೆಯವರೆಲ್ಲ ಕಾಯುತ್ತಾರೆ. ಹೆಂಗಸಿಗೆ ಸಂತಾನಹರಣ ಆಪರೇಷನ್ ಆದರೆ ಮಾರನೇ ದಿನವೇ ಕೊಡ ಹಿಡಿದು ನಲ್ಲಿಯ ಹತ್ತಿರ ನಿಂತಿರುತ್ತಾಳೆ. ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಜೋಳದ ರೊಟ್ಟಿ ಬಡಿಯೋದು ಅಂದರೆ ಸುಮ್ನೆ ಕೂತಂತಲ್ಲ. ಹಿಟ್ಟು ನಾದುವಾಗ, ಬಡಿಯುವಾಗ ಹೊಟ್ಟೆಯ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಮಾಡುವವರಿಗೇ ಗೊತ್ತು. ಅಣ್ಣಂದಿರೇ, ಆ ದಿನಗಳಲ್ಲಿ ಖಡಕ್ ರೊಟ್ಟಿ ಕೊಂಡು ತನ್ನಿ, ಅನ್ನ ನೀವೇ ಬೇಯಿಸಿ, ನೀರು ನೀವೇ ತನ್ನಿ. ಮಾತಾಡಿಸಲು ಬಂದ ಬೀಗರಿಗೆ ಚಹಾ ಮಾಡಲು ಆಕೆ ಎದ್ದು ಹೋಗಬಾರದು. ಬರುವವರಿಗೂ ಒಂದು ಮಾತು, ಆ ವಾರ ಫೋನಿನಲ್ಲೇ ವಿಚಾರಿಸಿ.

ಊಟದ ವಿಷಯದಲ್ಲಿ "ನಂಜು" ಅನ್ನೋ ಭಯ ಇದೆ. ಬೇಳೆ ತಿಂದರೆ ಕೀವಾಗುತ್ತೆ, ಮೊಸರು ಬೇಡ, ತತ್ತಿ ಬೇಡ, ಬದನೆಕಾಯಿ ಬೇಡ ಅಂತ ಬರಿ ಬ್ರೆಡ್ಡು, ಗಂಜಿಯಲ್ಲಿ ವಾರ ಕಳೆಯುತ್ತಾರೆ. ಬೇಳೆ ತಿಂದದ್ದಕ್ಕೆ ಕೀವಾಗುವುದಿಲ್ಲ, ರೋಗಾಣು ಸೇರಿದ್ದಕ್ಕೆ ಆಗುತ್ತದೆ. ಗಾಯ ಮಾಯಲು ಬೇಳೆ, ಕಾಳು, ತತ್ತಿ, ಹಾಲು, ಮೊಸರು, ಸೊಪ್ಪು ಎಲ್ಲ ಬೇಕು. ಮಿರ್ಚಿ, ಖಾರದ ಹಿಂಡಿ ಸ್ವಲ್ಪ ದಿನ ದೂರ ಇರಲಿ, ಅದರಲ್ಲೂ ಮೂಲವ್ಯಾಧಿ ಆಪರೇಷನ್ ಆದವರಿಗೆ. ನೀರು ಜಾಸ್ತಿ ಕುಡಿಯಿರಿ, ತಿಣುಕಿ ಮಲವಿಸರ್ಜನೆ ಮಾಡುವ ಹಾಗೆ ಆಗಬಾರದು. ಗಾಯದ ಮೇಲೆ ಅರಿಶಿನ, ವಿಭೂತಿ, ಎಣ್ಣೆ, ಯಾವ ಪುಡಿಯೂ ಬೇಡ. ಮುಟ್ಟುವ ಮೊದಲು ಕೈ ತೊಳೆಯಿರಿ.

ಪೊರೆ ತೆಗೆಸಿದವರು ಕಣ್ಣುಜ್ಜಬಾರದು, ಒಲೆಯ ಹೊಗೆ, ಮೆಣಸಿನಕಾಯಿ ರಾಶಿ, ಹತ್ತಿಯ ಧೂಳು ಇರುವ ಕಡೆ ಹೋಗಬಾರದು, ಡಾಕ್ಟರು ಹೇಳುವವರೆಗೆ ತಲೆಗೆ ನೀರು ಹಾಕಬಾರದು. ಕಣ್ಣಿನ ಹನಿ ವಾರಗಟ್ಟಲೆ ಹಾಕಬೇಕಾಗುತ್ತದೆ, ಚೆನ್ನಾಗಿ ಕಾಣುತ್ತಿದೆ ಅಂತ ನಡುವೆ ಬಿಡಬೇಡಿ. ಕಣ್ಣು ಕೆಂಪಾಗಿ ನೋವು ಏರಿ ನೋಟ ಮಬ್ಬಾದರೆ ನಾಳೆಗೆ ಕಾಯಬಾರದು, ಅವತ್ತೇ ಹೊರಡಿ.

ಬೇರೆಯವರೂ ಕಾಯಬಾರದ ಹೊತ್ತು ಕೆಲವಿವೆ. ಪಟ್ಟಿ ರಕ್ತದಲ್ಲಿ ನೆನೆದು ಹೋದರೆ, 6ರಿಂದ 8 ಗಂಟೆಯಾದರೂ ಮೂತ್ರ ಬರದೆ ಕಿಬ್ಬೊಟ್ಟೆ ಉಬ್ಬಿದರೆ, ಜ್ವರ 100.4 ಡಿಗ್ರಿ ದಾಟಿದರೆ, ಗಾಯ ಕೆಂಪಗೆ ಬಿಸಿಯಾಗಿ ಕೀವು ಬಂದರೆ, ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ, ವಾಂತಿ ನಿಲ್ಲದಿದ್ದರೆ. ಬೆನ್ನಿಗೆ ಇಂಜೆಕ್ಷನ್ ಆದವರಿಗೆ ಕೂತಾಗ ವಿಪರೀತ ತಲೆನೋವು ಬಂದು ಮಲಗಿದರೆ ಇಳಿಯುತ್ತಿದ್ದರೆ ಅದನ್ನೂ ಹೇಳಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಫೋನ್ ನಂಬರ್ ಇಲ್ಲದಿದ್ದರೆ ಬರೆಸಿಕೊಳ್ಳದೆ ಹೊರಡಬೇಡಿ. ಸಲಹೆಗೆ 104 ಆರೋಗ್ಯ ಸಹಾಯವಾಣಿಯೂ ಇದೆ.

ಕೊನೆಯದಾಗಿ, ಗಡ್ಡೆ ತೆಗೆಸಿಕೊಂಡವರಿಗೆ. ತೆಗೆದ ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದರೆ ಅದರ ವರದಿ ಬರಲು ದಿನ ಹಿಡಿಯುತ್ತದೆ. ಹೊಲಿಗೆ ಬಿಚ್ಚಿಸಿಕೊಂಡು ಹೋದವರು ನಾಟಿ, ಕಳೆ ಅಂತ ಹೊಲದ ಕೆಲಸದಲ್ಲಿ ಮುಳುಗಿ ಆ ವರದಿ ಕೇಳಲು ಬರುವುದೇ ಇಲ್ಲ. ಯಾವ ತಾರೀಖಿಗೆ ಬರಬೇಕು, ಯಾವ ಕೋಣೆಯಲ್ಲಿ ಕೇಳಬೇಕು ಅಂತ ಬರೆಸಿಕೊಳ್ಳಿ, ಆ ಕಾಗದ ಡಾಕ್ಟರ ಕೈಗೆ ಕೊಟ್ಟು ಅವರು ಓದಿ ಹೇಳುವವರೆಗೂ ಎದ್ದು ಬರಬೇಡಿ.

ನಮಸ್ಕಾರ.