ಫೈಲ್ ತೆರೆಯುವ ಮೊದಲೇ ಪ್ರೋಗ್ರಾಂ ಮುಚ್ಚಿಹೋದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪುಟ ಕಟ್ಟುವ ಕೆಲಸ ಮಾಡುವವರಿಗಾಗಿ ಇವತ್ತಿನ ಮಾತು. ಇನ್‌ಡಿಸೈನ್, ಕ್ವಾರ್ಕ್, ಸ್ಕ್ರೈಬಸ್, ಹಳೆಯ ಪೇಜ್‌ಮೇಕರ್, ನೀವು ಬಳಸುವುದು ಯಾವುದಾದರೂ ಇರಲಿ. ಪುಸ್ತಕದ ಫೈಲ್ ಮೇಲೆ ಕ್ಲಿಕ್ ಮಾಡುತ್ತೀರಿ. ಇನ್ನೇನು ತೆರೆಯಿತು ಅನ್ನುವಾಗ ಇಡೀ ಪ್ರೋಗ್ರಾಂ ತಟ್ಟನೆ ಮುಚ್ಚಿಹೋಗುತ್ತದೆ. ಮತ್ತೆ ಕ್ಲಿಕ್ ಮಾಡಿದರೆ ಮತ್ತೆ ಅದೇ ಕಥೆ. ನಾಳೆ ಬೆಳಿಗ್ಗೆ ಮುದ್ರಣಕ್ಕೆ ಕೊಡಬೇಕು ಬೇರೆ.

ಆಗ ಜಾಸ್ತಿ ಜನ ಏನು ಮಾಡುತ್ತಾರೆ ಗೊತ್ತಾ? ಪ್ರೋಗ್ರಾಂ ಕಿತ್ತುಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡುತ್ತಾರೆ. ದಯವಿಟ್ಟು ಬೇಡ. ಹೊಸದಾಗಿ ಹಾಕಿದಾಗ ಬದಲಾಗುವುದು ಪ್ರೋಗ್ರಾಂ ಮಾತ್ರ. ನಿಮ್ಮ ಫೈಲ್ ಅದೇ, ಫಾಂಟುಗಳು ಅವೇ, ಚಿತ್ರಗಳು ಅವೇ. ಎಷ್ಟೋ ಸಲ ಹಳೆಯ ಸೆಟ್ಟಿಂಗ್ ಕೂಡ ಹಾಗೇ ಉಳಿದಿರುತ್ತದೆ. ಅರ್ಧ ದಿನ ಹೋಯಿತು, ತೊಂದರೆ ಮಾತ್ರ ಅಲ್ಲೇ ಕೂತಿರುತ್ತದೆ.

ಅದರ ಬದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಒಂದು, ಬೇರೆ ಫೈಲ್ ಈ ಕಂಪ್ಯೂಟರಿನಲ್ಲಿ ತೆರೆಯುತ್ತಾ? ಎರಡು, ಇದೇ ಫೈಲ್ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತಾ? ಪೆನ್ನು ಇದ್ದರೆ ಬರೆದುಕೊಳ್ಳಿ. ಬೇರೆ ಫೈಲ್ ಇಲ್ಲಿ. ಇದೇ ಫೈಲ್ ಬೇರೆ ಕಡೆ. ಈ ಎರಡಕ್ಕೆ ಉತ್ತರ ಸಿಗುವವರೆಗೆ ಯಾವುದನ್ನೂ ಅಳಿಸಬೇಡಿ, ಯಾವುದನ್ನೂ ಇನ್‌ಸ್ಟಾಲ್ ಮಾಡಬೇಡಿ. ಪರೀಕ್ಷೆಯನ್ನೂ ಮೂಲ ಫೈಲಿನ ಮೇಲಲ್ಲ, ಅದರ ಕಾಪಿಯ ಮೇಲೆ ಮಾಡಿ. ಫೈಲ್ ಪೆನ್‌ಡ್ರೈವಿನಲ್ಲಿದ್ದರೆ ಮೊದಲು ಕಂಪ್ಯೂಟರಿನ ಡಿಸ್ಕಿಗೆ ಇಳಿಸಿಕೊಳ್ಳಿ.

ಒಂದು ಘಟನೆ ಹೇಳುತ್ತೇನೆ. ಪರಿಚಯದ ಪ್ರಕಾಶಕರೊಬ್ಬರು ಸಂಜೆ ಹೊತ್ತು ಫೋನ್ ಮಾಡಿದರು. ದೊಡ್ಡ ಪುಸ್ತಕ, ಪ್ರೂಫ್ ಎಲ್ಲ ಮುಗಿದಿತ್ತು. ಬೆಳಿಗ್ಗೆಯಿಂದ ಫೈಲ್ ತೆರೆಯುತ್ತಿಲ್ಲ. "ಫೈಲ್ ಕೆಟ್ಟುಹೋಗಿದೆ ಸರ್, ಪ್ರೋಗ್ರಾಂ ಕೂಡ ಹೊಸದಾಗಿ ಹಾಕಿ ಆಯಿತು" ಅಂದರು. ನಾನು ಹೋಗುವ ಹೊತ್ತಿಗೆ ಇಬ್ಬರು ಕೂತು ಮೊದಲ ಅಧ್ಯಾಯವನ್ನು ಮತ್ತೆ ಟೈಪ್ ಮಾಡುತ್ತಿದ್ದರು! ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

"ಬೇರೆ ಫೈಲ್ ತೆರೆಯುತ್ತಾ?" ಅಂತ ಕೇಳಿದೆ. "ಓ, ಎಲ್ಲಾ ತೆರೆಯುತ್ತೆ ಸರ್." ಹಾಗಾದರೆ ಪ್ರೋಗ್ರಾಂ ಸರಿ ಇದೆ ಅಂತ ಆಯಿತಲ್ವಾ? "ಇದೇ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ನೋಡಿದಿರಾ?" ಯಾರೂ ಮಾತಾಡಲಿಲ್ಲ. ಪಕ್ಕದ ಕೋಣೆಯಲ್ಲೇ ಮುಖಪುಟ ಮಾಡುವವರ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ತೆರೆದೆವು. ಇಡೀ ಪುಸ್ತಕ ಕಣ್ಣ ಮುಂದೆ ಬಂತು. ಒಂದು ಅಕ್ಷರವೂ ಹೋಗಿರಲಿಲ್ಲ.

ಆದರೆ ಅಲ್ಲಿ ಒಂದು ಎಚ್ಚರಿಕೆ ಬಂತು, ಒಂದು ಫಾಂಟ್ ಇಲ್ಲ ಅಂತ. ಅಧ್ಯಾಯದ ಮೊದಲ ಅಕ್ಷರಕ್ಕೆ ಹಾಕಿದ್ದ ಅಲಂಕಾರದ ಫಾಂಟ್ ಅದು. ಆ ಜಾಗವೆಲ್ಲ ಗುಲಾಬಿ ಬಣ್ಣದಲ್ಲಿ ಕಾಣುತ್ತಿತ್ತು. ಯೋಚನೆ ಮಾಡಿ. ಫಾಂಟ್ ಇಲ್ಲದ ಕಡೆ ಫೈಲ್ ತೆರೆಯುತ್ತದೆ. ಫಾಂಟ್ ಇರುವ ಕಡೆ ಪ್ರೋಗ್ರಾಂ ಬೀಳುತ್ತದೆ. ತಪ್ಪು ಎಲ್ಲಿದೆ ಅಂತ ಇನ್ನು ಬೇರೆ ಹೇಳಬೇಕಾ? ವಿಚಾರಿಸಿದರೆ, ಹಿಂದಿನ ಸಂಜೆ ಅದೇ ಹೆಸರಿನ ಫಾಂಟನ್ನು ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡು ಹಳೆಯದರ ಮೇಲೆ ಹಾಕಿದ್ದರು. ಅದು ಹಾಳಾದ ಕಾಪಿ. ಫೈಲ್ ತೆರೆಯುವಾಗ ಪ್ರೋಗ್ರಾಂ ಅದರಲ್ಲಿ ಬಳಸಿದ ಫಾಂಟುಗಳನ್ನೆಲ್ಲ ಓದಬೇಕು, ಆಗಲೇ ಸಾಲುಗಳನ್ನು ಜೋಡಿಸಲು ಆಗುವುದು. ಓದುವಾಗ ಹಾಳಾದ ಮಾಹಿತಿ ಸಿಕ್ಕಿತು, ಅಲ್ಲೇ ಬಿತ್ತು. ಆ ಫಾಂಟ್ ತೆಗೆದು, ಸರಿಯಾದ ಕಾಪಿ ಹಾಕಿ, ಕಂಪ್ಯೂಟರ್ ಮತ್ತೆ ಶುರು ಮಾಡಿದೆವು. ಫೈಲ್ ತೆರೆಯಿತು. ಟೈಪ್ ಮಾಡುತ್ತಿದ್ದ ಇಬ್ಬರ ಮುಖ ನೋಡಬೇಕಿತ್ತು ನೀವು!

ಅದಕ್ಕೇ ನಾನು ಹಟ ಹಿಡಿದು ಹೇಳುವುದು. ಬೇರೆ ಫೈಲ್ ಇಲ್ಲಿ. ಇದೇ ಫೈಲ್ ಬೇರೆ ಕಡೆ. ಇನ್ನೊಂದು ವಿಷಯ, ಸಿಕ್ಕ ಸಿಕ್ಕ ಫಾಂಟುಗಳನ್ನು ಸುಮ್ನೆ ತುಂಬಿಕೊಳ್ಳಬೇಡಿ. ಕೆಲಸಕ್ಕೆ ಬೇಕಾದಷ್ಟು ಇಟ್ಟುಕೊಳ್ಳಿ, ಸಾಕು.

ನನ್ನ ಸಮಯ ಬೇಗ ಬೇಗ ಓಡುತ್ತಿದೆ, ಉಳಿದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ.

ಯಾವ ಫೈಲೂ ತೆರೆಯದಿದ್ದರೆ, ಖಾಲಿ ಹೊಸ ಪುಟ ಕೂಡ ಬರದಿದ್ದರೆ, ಸೆಟ್ಟಿಂಗ್ ಕೆಟ್ಟಿದೆ ಅಂದುಕೊಳ್ಳಿ. ವಿಂಡೋಸ್‌ನಲ್ಲಿ ಇನ್‌ಡಿಸೈನ್ ಶುರು ಮಾಡಿದ ಕೂಡಲೇ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಸೆಟ್ಟಿಂಗ್ ಅಳಿಸಲೇ ಅಂತ ಕೇಳುತ್ತದೆ. ಹೌದು ಅನ್ನಿ. ಮ್ಯಾಕ್‌ನಲ್ಲಾದರೆ ಕಂಟ್ರೋಲ್, ಆಪ್ಷನ್, ಕಮಾಂಡ್, ಶಿಫ್ಟ್ ನಾಲ್ಕೂ ಬೇಕು.

ಇನ್‌ಡಿಸೈನ್ ಫೈಲ್ ಬೇರೆ ಕಡೆ ತೆರೆಯಿತು, ಆದರೂ ಅದರ ಮೇಲೆ ನಂಬಿಕೆ ಇಲ್ಲ ಅಂದರೆ, ಅಲ್ಲೇ ಅದನ್ನು ಐಡಿಎಂಎಲ್ ಆಗಿ, ಅಂದರೆ ಇನ್‌ಡಿಸೈನ್‌ನದೇ ಇನ್ನೊಂದು ಬಗೆಯ ಫೈಲಾಗಿ, ಎಕ್ಸ್‌ಪೋರ್ಟ್ ಮಾಡಿ, ಆ ಐಡಿಎಂಎಲ್ ತೆರೆದು ಹೊಸ ಹೆಸರಿನಲ್ಲಿ ಸೇವ್ ಮಾಡಿ. ಫೈಲಿನೊಳಗೆ ಸೇರಿಕೊಂಡ ಕಸ ಎಷ್ಟೋ ಸಲ ಇದರಲ್ಲೇ ಹೋಗುತ್ತದೆ. ಸ್ಕ್ರೈಬಸ್ ಬಳಸುವವರಿಗೆ ಒಂದು ಧೈರ್ಯದ ಮಾತು. ಅದರ ಎಸ್‌ಎಲ್‌ಎ ಫೈಲ್ ಬರೀ ಅಕ್ಷರಗಳಲ್ಲಿ ಬರೆದ ಎಕ್ಸ್‌ಎಂಎಲ್. ನೋಟ್‌ಪ್ಯಾಡ್‌ನಂಥ ಪ್ರೋಗ್ರಾಂನಲ್ಲಿ ತೆರೆದರೂ ನಿಮ್ಮ ಪಠ್ಯ ಅಲ್ಲಿ ಕಾಣುತ್ತದೆ.

ಎರಡೂ ಕಡೆ ಬೀಳುತ್ತಿದ್ದರೆ, ಫೈಲಿನ ಜೊತೆ ಹೋದ ಚಿತ್ರಗಳನ್ನು ಅನುಮಾನಿಸಿ. ಚಿತ್ರಗಳ ಫೋಲ್ಡರಿನ ಹೆಸರು ಬದಲಿಸಿ ತೆರೆದು ನೋಡಿ. ಚಿತ್ರ ಸಿಗುತ್ತಿಲ್ಲ ಅಂತ ಹೇಳಿ ಫೈಲ್ ತೆರೆದುಕೊಂಡರೆ ಕಳ್ಳ ಸಿಕ್ಕಿದ ಹಾಗೇ. ಅರ್ಧ ಚಿತ್ರಗಳನ್ನು ಮಾತ್ರ ವಾಪಸ್ ಹಾಕಿ ನೋಡಿ, ಪ್ರೋಗ್ರಾಂ ಬಿದ್ದರೆ ಕಳ್ಳ ಆ ಅರ್ಧದಲ್ಲಿ, ಬೀಳದಿದ್ದರೆ ಇನ್ನೊಂದು ಅರ್ಧದಲ್ಲಿ. ಆಮೇಲೆ ಕಳ್ಳ ಇರುವ ಅರ್ಧದಲ್ಲಿ ಮತ್ತೆ ಅರ್ಧ. ಕೆಟ್ಟಿರುವುದು ಒಂದೇ ಚಿತ್ರವಾದರೆ, 64 ಚಿತ್ರಗಳಿದ್ದರೂ 6 ಸುತ್ತಿನಲ್ಲಿ ಸಿಕ್ಕಿಬಿಡುತ್ತದೆ. ಒಂದೊಂದಾಗಿ ನೋಡುತ್ತಾ ಕೂರಬೇಡಿ.

ಪೇಜ್‌ಮೇಕರ್ ಬಿಡದವರೂ ಇದ್ದೀರಿ, ಗೊತ್ತು. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅದು ಪುಟ ಜೋಡಿಸುವಾಗ ಪ್ರಿಂಟರಿನ ಮಾಹಿತಿಯನ್ನೂ ನೋಡುತ್ತದೆ. ಹಾಗಾಗಿ ಫೈಲ್ ತೆರೆಯುವಾಗ ಬಿದ್ದರೆ ವಿಂಡೋಸ್‌ನಲ್ಲಿ ಡಿಫಾಲ್ಟ್ ಪ್ರಿಂಟರ್ ಬದಲಿಸಿ ಒಮ್ಮೆ ನೋಡಿ. ಪ್ರಿಂಟರ್ ಇಲ್ಲದ ಕಂಪ್ಯೂಟರಾದರೆ ಒಂದು ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರಿನ (ಪುಟ ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಬಲ್ಲ ಪ್ರಿಂಟರ್) ಡ್ರೈವರನ್ನಾದರೂ, ಅಂದರೆ ಅದನ್ನು ನಡೆಸುವ ಪ್ರೋಗ್ರಾಂ ಅನ್ನಾದರೂ, ಹಾಕಿಕೊಳ್ಳಿ. ಪ್ರಿಂಟರ್ ಎದುರಿಗೆ ಇರಲೇಬೇಕು ಅಂತೇನಿಲ್ಲ, ಡ್ರೈವರ್ ಇದ್ದರೆ ಸಾಕು.

ನಮಸ್ಕಾರ.