ಕೋಳಿ ಜ್ವರ ಮನುಷ್ಯನ ಎದೆಗಿಳಿದಾಗ

ಕೇಳುಗ ಬಂಧುಗಳಿಗೆ ನಮಸ್ಕಾರ.

1997ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನ ಮೂರು ವರ್ಷದ ಗಂಡುಮಗುವೊಂದು ಜ್ವರದಿಂದ ಆಸ್ಪತ್ರೆ ಸೇರಿತು, ಉಳಿಯಲಿಲ್ಲ. ಮಗುವಿನ ಗಂಟಲ ದ್ರವದಲ್ಲಿ ಸಿಕ್ಕ ವೈರಸ್ ಯಾವುದೆಂದು ಗೊತ್ತಾಗಲು ಆಗಸ್ಟ್ ಬರಬೇಕಾಯಿತು. ಅದು ಎಚ್5ಎನ್1, ಕೋಳಿ ಜ್ವರ ತರುವ ಹಕ್ಕಿಗಳ ಫ್ಲೂ ವೈರಸ್. ಮನುಷ್ಯರಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ಚಳಿಗಾಲಕ್ಕೆ ಮತ್ತೆ ಕಾಣಿಸಿಕೊಂಡಿತು. ಒಟ್ಟು 18 ಮಂದಿಗೆ ತಗುಲಿ 6 ಮಂದಿ ತೀರಿಕೊಂಡರು. ಡಿಸೆಂಬರ್ ಕೊನೆಗೆ ಅಲ್ಲಿನ ಸರ್ಕಾರ ಹತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಿಸಿತು. ಅಲ್ಲಿಗೆ ಹೊಸ ರೋಗಿಗಳು ಬರುವುದು ನಿಂತಿತು.

ಇಷ್ಟು ಕ್ರೂರವಾದ ರೋಗ ಊರಿಗೆ ಊರನ್ನೇ ಏಕೆ ಹಿಡಿಯಲಿಲ್ಲ? ಉತ್ತರ ನಮ್ಮ ಗಂಟಲಲ್ಲೇ ಇದೆ. ವೈರಸ್ಸಿನ ಮೈಮೇಲೆ ಹೀಮಗ್ಲುಟಿನಿನ್ ಎಂಬ ಮುಳ್ಳುಗಳಿವೆ. ಜೀವಕೋಶದ ಹೊರಮೈಯಲ್ಲಿರುವ ಸಿಯಾಲಿಕ್ ಆಮ್ಲಕ್ಕೆ ಆ ಮುಳ್ಳು ಕಚ್ಚಿಕೊಂಡರೆ ಮಾತ್ರ ಒಳಗೆ ದಾರಿ. ಈ ಆಮ್ಲ ಕೋಶಕ್ಕೆ ಅಂಟಿಕೊಂಡಿರುವ ಬಗೆ ಹಕ್ಕಿಯ ಕರುಳಲ್ಲಿ ಒಂದು, ನಮ್ಮ ಮೂಗು ಗಂಟಲಲ್ಲಿ ಇನ್ನೊಂದು. ಹಕ್ಕಿಯ ಬಗೆಯದು ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಶ್ವಾಸಕೋಶದ ತಳದ ಗಾಳಿಗೂಡುಗಳಲ್ಲಿ. ಅಲ್ಲಿಗೆ ಇಳಿದರೆ ನ್ಯುಮೋನಿಯಾ. ಆದರೆ ಅಷ್ಟು ಆಳದಿಂದ ಅದು ಕೆಮ್ಮಿನೊಡನೆ ಸುಲಭವಾಗಿ ಹೊರಬರದು. ಕೊಲ್ಲುವ ಜಾಗವೂ ಅದೇ, ನಮ್ಮನ್ನು ಕಾಯುತ್ತಿರುವ ಜಾಗವೂ ಅದೇ.

ನಮ್ಮ ಕಣ್ಣಿನ ಬಿಳಿಭಾಗವನ್ನು ಮುಚ್ಚಿರುವ ತೆಳು ಪದರದಲ್ಲೂ ಹಕ್ಕಿಯ ಬಗೆಯ ಆಮ್ಲವೇ ಇದೆ. 2024ರಲ್ಲಿ ಅಮೆರಿಕದ ಹಸುಗಳ ಕೆಚ್ಚಲಿಗೆ ಈ ವೈರಸ್ ಸೇರಿದಾಗ, ಹಾಲು ಕರೆಯುವವರಲ್ಲಿ ಬಹಳ ಮಂದಿಗೆ ಬಂದದ್ದು ಬರೀ ಕಣ್ಣುಕೆಂಪು. ಹಾಗೆಂದು ಹಗುರವಾಗಿ ಕಾಣುವಂತಿಲ್ಲ. 2003ರಿಂದೀಚೆಗೆ ಪರೀಕ್ಷೆಯಲ್ಲಿ ಖಚಿತವಾದ ರೋಗಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಸತ್ತಿದ್ದಾರೆ. 2021ರಲ್ಲಿ ಹರಿಯಾಣದ ಬಾಲಕನೊಬ್ಬ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡ. ಫ್ಲೂ ವೈರಸ್ ತನ್ನ ನಕಲು ತೆಗೆಯುವಾಗ ತಪ್ಪುತ್ತಲೇ ಇರುತ್ತದೆ. ಅಂಥ ತಪ್ಪುಗಳಲ್ಲಿ ಕೆಲವು ಕೂಡಿಬಂದು ಅದು ನಮ್ಮ ಗಂಟಲಿಗೆ ಹೊಂದಿಕೊಂಡೀತೆಂಬುದೇ ನನ್ನ ಭಯ.

ನಮ್ಮಲ್ಲೂ ಕೋಳಿಗಳಿಗೆ ಬಂದಿದೆ: 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು, 2025ರಲ್ಲಿ ಚಿಕ್ಕಬಳ್ಳಾಪುರ. ಹಿತ್ತಲಲ್ಲಿ ಜುಟ್ಟು ನೀಲಿಗಟ್ಟಿ, ಕತ್ತು ಇಳಿಬಿಟ್ಟು ಕೋಳಿ ತೂಕಡಿಸುತ್ತಿರುತ್ತದೆ. ಮನೆಯಾಕೆ ಅದನ್ನು ಮಡಿಲಿಗೆತ್ತಿಕೊಂಡು ಸೆರಗಿನಿಂದ ಮೂಗೊರೆಸುತ್ತಾಳೆ. 'ಸಾಯೋಕ್ ಮುಂಚೆ ಕುಯ್ದುಬಿಡಿ, ಸಾರಿಗಾದ್ರೂ ಆಗುತ್ತೆ' ಎನ್ನುತ್ತಾರೆ ಯಾರೋ. ಚೆನ್ನಾಗಿ ಕುದಿದ ಸಾರಿನಲ್ಲಿ ವೈರಸ್ ಬದುಕದು. ಆದರೆ ಕುಯ್ಯುವ, ಪುಕ್ಕ ಕೀಳುವ, ಕರುಳು ತೆಗೆಯುವ ಆ ಅರ್ಧ ಗಂಟೆ ಬಲು ಅಪಾಯದ್ದು. ಅಂಥ ಕೋಳಿಯನ್ನು ಮುಟ್ಟಬೇಡಿ, ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ. ಆಮೇಲೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಕೋಳಿ ಸತ್ತ ಸಂಗತಿಯನ್ನೇ ಡಾಕ್ಟರಿಗೆ ಮೊದಲು ಹೇಳಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಮೊದಲ ಎರಡು ದಿನಗಳಲ್ಲಿ ಶುರು ಮಾಡಿದಾಗ.

ನಮಸ್ಕಾರ.