ಬೆಟ್ಟ ಏಕೆ ಕಪ್ಪಾಯಿತು? ಓಪನ್‌ಜಿಎಲ್‌ನ ‘ಕರೆಂಟ್ ಕಾಂಟೆಕ್ಸ್ಟ್’

[ಪರದೆ: ತಡಿಯಂಡಮೋಳ್ ಶಿಖರದ ತ್ರೀಡಿ ಮಾದರಿ. ಇಳಿಜಾರು, ಕಣಿವೆ ಎಲ್ಲವೂ ಸರಿ. ಮೈ ಮಾತ್ರ ಕಡುಗಪ್ಪು.]

ಮಡಿಕೇರಿಯಿಂದ ಎಲ್ಲರಿಗೂ ನಮಸ್ಕಾರ. ಇದು ಕೊಡಗಿನ ಅತಿ ಎತ್ತರದ ಶಿಖರ, 1748 ಮೀಟರ್‌ನ ತಡಿಯಂಡಮೋಳ್. ಶೋಲಾ ಕಾಡು, ಹುಲ್ಲುಗಾವಲಿನ ಹಸಿರು ತುಂಬಿದ ಚಿತ್ರ ಕಡತವೂ ಡಿಸ್ಕ್‌ನಲ್ಲಿದೆ. ಆದರೂ ಬೆಟ್ಟ ಕಪ್ಪು. ಈ ದೋಷವನ್ನು ತೋರಿಸಲೆಂದೇ ಚಿತ್ರ ಲೋಡ್ ಮಾಡುವ ಕೆಲಸವನ್ನು ಇಲ್ಲಿ ಎರಡನೆಯ ಥ್ರೆಡ್‌ಗೆ, ಅಂದರೆ ಅದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೇ ಸಾಗುವ ಇನ್ನೊಂದು ಕೆಲಸದ ಎಳೆಗೆ, ವಹಿಸಲಾಗಿದೆ.

[ಪರದೆ: ಜಿಎಲ್‌ಜೆನ್‌ಟೆಕ್ಸ್ಚರ್ಸ್ ಇರುವ ಒಂದೇ ಸಾಲು, ದೊಡ್ಡದಾಗಿ.]

ಈ ಸಾಲನ್ನು ನಿಧಾನವಾಗಿ ಓದಿ. ಎಷ್ಟು ಟೆಕ್ಸ್ಚರ್ (ಮಾದರಿಯ ಮೈಗೆ ಹೊದಿಸುವ ಚಿತ್ರ) ಬೇಕು, ಅವುಗಳ ಸಂಖ್ಯೆಯನ್ನು ಎಲ್ಲಿ ಬರೆಯಬೇಕು, ಇಷ್ಟೇ ಕೇಳುತ್ತದೆ. ಯಾವ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಓಪನ್‌ಜಿಎಲ್ ತನ್ನ ಸ್ಥಿತಿಯನ್ನೂ ವಸ್ತುಗಳನ್ನೂ ಇಟ್ಟುಕೊಳ್ಳುವ ಯಾವ ಕೋಣೆಯಲ್ಲಿ, ಎಂದು ಕೇಳುವುದೇ ಇಲ್ಲ! ಗ್ರಾಫಿಕ್ಸ್ ಬಿಡಿಸಲು ಪ್ರೋಗ್ರಾಂಗಳು ಬಳಸುವ ಓಪನ್‌ಜಿಎಲ್ 1992ರಲ್ಲಿ ಬಂದಾಗಿನಿಂದ ಕ್ರಮ ಹೀಗೆಯೇ ಇದೆ. ಈಗಿನ ಲೈಬ್ರರಿಗಳು ಉತ್ತರವನ್ನು ಆಯಾ ಥ್ರೆಡ್‌ನ ಸ್ವಂತ ಸ್ಮೃತಿಯಲ್ಲಿ ಹುಡುಕುತ್ತವೆ. ಅದನ್ನು ಅಲ್ಲಿ ಇಡುವುದು ಮೇಕ್‌ಕರೆಂಟ್ ಎಂಬ ಕರೆ. ಅದನ್ನು ಒದಗಿಸುವುದು ವಿಂಡೋಸ್‌ನಲ್ಲಿ ಡಬ್ಲ್ಯುಜಿಎಲ್, ಆಂಡ್ರಾಯ್ಡ್‌ನಲ್ಲಿ ಇಜಿಎಲ್.

ನಮ್ಮ ಎರಡನೆಯ ಥ್ರೆಡ್‌ನಲ್ಲಿ ಆ ಜಾಗ ಖಾಲಿ. ಕೆಲವು ಕಡೆ ಇಷ್ಟಕ್ಕೇ ಪ್ರೋಗ್ರಾಂ ಕುಸಿದುಬೀಳುತ್ತದೆ. ಹಲವು ಡ್ರೈವರ್‌ಗಳು ಕರೆಯನ್ನು ಸದ್ದಿಲ್ಲದೆ ನುಂಗಿಬಿಡುತ್ತವೆ.

[ಪರದೆ: ಡಿಬಗರ್‌ನಲ್ಲಿ ಟೆಕ್ಸ್ಚರ್ ಸಂಖ್ಯೆ 0.]

ನೋಡಿ, ಸೊನ್ನೆ ಇಟ್ಟಿದ್ದ ಜಾಗದಲ್ಲಿ ಸೊನ್ನೆಯೇ ಉಳಿದಿದೆ. ಚಿತ್ರವಿಲ್ಲದ ಟೆಕ್ಸ್ಚರ್ ಅನ್ನು ಓದಿದ ಶೇಡರ್ (ಬಣ್ಣ ಲೆಕ್ಕಹಾಕುವ ಪುಟ್ಟ ಪ್ರೋಗ್ರಾಂ) ಕಪ್ಪನ್ನೇ ಬಳಿದಿದೆ.

ಹಾಗಾದರೆ ಎರಡನೆಯ ಥ್ರೆಡ್‌ನಲ್ಲೂ ಅದೇ ಕಾಂಟೆಕ್ಸ್ಟ್‌ಗೆ ಮೇಕ್‌ಕರೆಂಟ್ ಕರೆದರಾಯಿತೇ? ಆಗದು. ಒಂದು ಕಾಂಟೆಕ್ಸ್ಟ್ ಒಂದು ಹೊತ್ತಿಗೆ ಒಂದೇ ಥ್ರೆಡ್‌ಗೆ ಸೇರಿರಬೇಕು. ಮೊದಲನೆಯದು ಬಿಟ್ಟುಕೊಡದಿದ್ದರೆ ಇಜಿಎಲ್ ‘ಬ್ಯಾಡ್ ಆಕ್ಸೆಸ್’ ಎಂದು ನಿರಾಕರಿಸುತ್ತದೆ. ಪ್ರತಿ ಫ್ರೇಮ್‌ಗೂ ಬಿಟ್ಟು ಹಿಡಿಯುತ್ತಿದ್ದರೆ ವೇಗ ಕುಸಿಯುತ್ತದೆ.

ನಾನು ಒಪ್ಪುವ ದಾರಿ ಬೇರೆ. ಲೋಡ್ ಮಾಡುವ ಥ್ರೆಡ್‌ಗೆ ಇನ್ನೊಂದು ಕಾಂಟೆಕ್ಸ್ಟ್ ಸೃಷ್ಟಿಸಿ. ಸೃಷ್ಟಿಸುವಾಗಲೇ ಅದು ಮೊದಲನೆಯದರೊಂದಿಗೆ ವಸ್ತುಗಳನ್ನು ಹಂಚಿಕೊಳ್ಳಲಿ. ಟೆಕ್ಸ್ಚರ್, ದತ್ತಾಂಶ ತುಂಬಿದ ಬಫರ್‌ಗಳು ಎರಡಕ್ಕೂ ಸಿಗುತ್ತವೆ. ಇತರ ವಸ್ತುಗಳನ್ನು ಜೋಡಿಸಿಡುವ ವರ್ಟೆಕ್ಸ್ ಅರೇ ಮತ್ತು ಫ್ರೇಮ್‌ಬಫರ್ ಆಬ್ಜೆಕ್ಟ್‌ಗಳು ಸಿಗುವುದಿಲ್ಲ, ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಚಿತ್ರ ಏರಿಸಿದ ಮೇಲೆ ಒಂದು ಫೆನ್ಸ್ (ಅಲ್ಲಿಯವರೆಗಿನ ಕೆಲಸ ಮುಗಿಯಿತೆಂದು ತಿಳಿಸುವ ಗುರುತು) ಹಾಕಿ, ಫ್ಲಶ್ ಮಾಡಿ, ಅಂದರೆ ಆದೇಶಗಳನ್ನು ಮುಂದಕ್ಕೆ ತಳ್ಳಿ. ಕೆಲಸ ಮುಗಿಯಿತೆಂದು ಫೆನ್ಸ್ ತಿಳಿಸಿದ ಮೇಲಷ್ಟೇ ಮುಖ್ಯ ಥ್ರೆಡ್ ಆ ಟೆಕ್ಸ್ಚರ್ ಅನ್ನು ಬೈಂಡ್ ಮಾಡಿ ಬಳಸಲಿ.

[ಪರದೆ: ಅದೇ ಬೆಟ್ಟ, ಈಗ ಹಸಿರಾಗಿ.]

ಇದೇ ಬಗೆಯ ಕೆಲಸಕ್ಕೆ 2016ರಲ್ಲಿ ಬಂದ ವಲ್ಕನ್‌ನಲ್ಲಿ ‘ಕರೆಂಟ್’ ಎಂಬುದೇ ಇಲ್ಲ. ಯಾವ ಡಿವೈಸ್, ಯಾವ ಕಮಾಂಡ್ ಬಫರ್ (ಆದೇಶಗಳ ಪಟ್ಟಿ) ಎಂದು ಪ್ರತಿ ಕರೆಯಲ್ಲೂ ಹೇಳಬೇಕು. ಸಾಲು ಉದ್ದವಾಗುತ್ತದೆ, ನಿಜ. ಆದರೆ ಕೆಲಸ ಎಲ್ಲಿ ನಡೆಯುತ್ತಿದೆ ಎಂಬುದು ಆ ಸಾಲಿನಲ್ಲೇ ಕಾಣುತ್ತದೆ. ಮುಂದಿನ ವಿಡಿಯೋದಲ್ಲಿ ಇದೇ ಬೆಟ್ಟವನ್ನು ವಲ್ಕನ್‌ನಲ್ಲಿ ಬಿಡಿಸೋಣ.